ಹಿತ್ತಲ ಬನ್ನಿ ಮತ್ತು ನನ್ನ ತಲೆಯ ಮೇಲಿನ ಸೆರಗು

ಹಿತ್ತಲ ಬಾಗಿಲು ದಾಟುವಾಗ ನನ್ನ ಬಲಗೈ ತಾನಾಗಿಯೇ ಮೇಲೆದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತದೆ. ಈಗ ಹಾಗೆ ಮಾಡುವ ಅಗತ್ಯವಿಲ್ಲ. ಮೇಲೆ ಎಲೆಗಳಿಲ್ಲ, ಎಲೆಗಳ ಸಂದಿಯಲ್ಲಿ ಕಾಗೆ ಗೊರವಂಕಗಳಿಲ್ಲ, ಬಿಸಿಲು ನೇರವಾಗಿ ಅರಿವೆ ಒಗೆಯುವ ಕಲ್ಲಿನ ಮೇಲೆ ಬಂದು ಕೂರುತ್ತದೆ. ಇದನ್ನೆಲ್ಲ ಕಣ್ಣು ಒಪ್ಪಿಕೊಂಡಿದೆ, ಕೈ ಇನ್ನೂ ಒಪ್ಪಿಲ್ಲ. ಮೊನ್ನೆ ನೈಟಿ ಹಾಕಿಕೊಂಡೇ ಅರಿವೆ ಒಣಹಾಕಲು ಹೋದೆ. ಆಗಲೂ ಕೈ ಎದ್ದಿತು. ಸೆರಗು ಸಿಗಲಿಲ್ಲ, ಮರ್ಯಾದೆ ಉಳಿಸಿಕೊಳ್ಳಲು ಕಿವಿ ತುರಿಸಿಕೊಂಡು ಕೆಳಗಿಳಿಯಿತು.

ಈ ಸೆರಗಿನ ಹಿಂದೆ ಒಂದು ಸುಳ್ಳಿದೆ. ಸುಳ್ಳು ಹೇಳಿದವಳು ನಾನಲ್ಲ, ಸುಮ್ಮನಿದ್ದವಳು ಮಾತ್ರ ನಾನು. ಅಸುಂಡಿಯಿಂದ ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತು. ತಲೆಗೆ ಎರೆದುಕೊಂಡು, ಹೊಸ ಸೀರೆ ಉಟ್ಟು, ಹಿತ್ತಲಲ್ಲಿ ಕೂದಲು ಆರಿಸಿಕೊಳ್ಳುತ್ತಾ ನಿಂತಿದ್ದೆ. ಮೇಲೆ ಬನ್ನಿ ಮರ. ಮರದಲ್ಲಿ ಕೂತಿದ್ದ ಕಾಗೆ, ನೇರ ನೆತ್ತಿಯ ಮೇಲೆ, ಈ ಮನೆಗೆ ನನ್ನನ್ನು ತನ್ನದೇ ರೀತಿಯಲ್ಲಿ ತುಂಬಿಸಿಕೊಂಡಿತು. ಮತ್ತೆ ನೀರು ಕಾಯಿಸಿ ಮತ್ತೆ ತಲೆಗೆ ಎರೆದುಕೊಳ್ಳಬೇಕಾಯಿತು. ಮರುದಿನದಿಂದ ಹಿತ್ತಲಿಗೆ ಹೋಗುವಾಗ ಸೆರಗು ತಲೆಯ ಮೇಲೆ ಬಂತು. ಅದನ್ನು ಕಂಡ ನಮ್ಮ ಅತ್ತೆ ಓಣಿಯ ತುಂಬ ಹೇಳಿಕೊಂಡು ಬಂದರು.

"ಅಸುಂಡಿ ಹೆಣ್ಣು ತಂದದ್ದು ಛಲೋ ಆತು ನೋಡ್ರಿ. ಹಿರ್ಯಾರು ಯಾರೂ ಇಲ್ಲದ ಹಿತ್ತಲದಾಗೂ ತಲಿ ಮ್ಯಾಲಿನ ಸೆರಗ ಇಳಸಂಗಿಲ್ಲ. ಬನ್ನಿ ಮಹಾಂಕಾಳಿಗೆ ಅಷ್ಟ ಮರ್ಯಾದಿ ಕೊಡತಾಳ."

ಹೊಗಳಿಕೆ ತಾನಾಗಿ ಬಂದರೆ ಬಾಗಿಲು ಹಾಕಿಕೊಳ್ಳುವವರ ಪೈಕಿ ನಾನಲ್ಲ. ಸುಮ್ಮನೆ ನೆಲ ನೋಡಿದೆ. ಅದನ್ನೂ ವಿನಯ ಎಂದರು. ನನ್ನ ದೆಸೆಯಿಂದ ಓಣಿಯ ಉಳಿದ ಸೊಸೆಯರು ಎಷ್ಟೋ ದಿನ ಬೈಗಳು ತಿಂದರು.

ಬನ್ನಿ ಹೊಲದ ಬದುವಿನ ಮರ. ಊರೊಳಗಿನ ಹಿತ್ತಲಿಗೆ ಅದು ಹೇಗೆ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅದು ಮನೆಗೆ ಬಂದದ್ದಲ್ಲ, ಮನೆಯೇ ಅದರ ಹತ್ತಿರ ಬಂದದ್ದು ಎಂದು ಅತ್ತೆ ಹೇಳಿದರು. ಮೊದಲು ಇಲ್ಲಿ ಕಪ್ಪು ಮಣ್ಣಿನ ಎರೆಹೊಲವಿತ್ತಂತೆ. ಊರು ಬೆಳೆದು ಹೊಲದ ಮೇಲೆ ಮನೆಗಳೆದ್ದಾಗ ಮಾವನವರ ಅಪ್ಪ ಮರ ಕಡಿಯಲಿಲ್ಲ, ಗೋಡೆ ಬಾಗಿಸಿದರು. ಹಾಗಾಗಿ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ನಡುವೆ ಒಳಕ್ಕೆ ಬಾಗಿದೆ. ಆ ಬಾಗಿನ ದೆಸೆಯಿಂದ ಫ್ರಿಜ್ ಅಲ್ಲಿ ಹಿಡಿಸಲಿಲ್ಲ. ಇವತ್ತಿಗೂ ಅದು ಪಡಸಾಲೆಯಲ್ಲಿ ನಿಂತಿದೆ, ಬಂದವರೆಲ್ಲ ಮೊದಲು ಅದಕ್ಕೇ ನಮಸ್ಕಾರ ಮಾಡಬೇಕು. ಹಸಿಮೆಣಸಿನಕಾಯಿಗೆಂದು ಪಡಸಾಲೆಗೆ ಓಡುವಾಗಲೆಲ್ಲ ನಾನು ಆ ಮರವನ್ನು ಬಯ್ದಿದ್ದೇನೆ. ಈಗ ಬಯ್ಯಲು ಬಾಯಿ ಬರುವುದಿಲ್ಲ.

ಮರದಲ್ಲಿ ಬಾಡಿಗೆ ಕೊಡದ ಬಾಡಿಗೆದಾರರು ತುಂಬ ಜನ ಇದ್ದರು. ತುದಿಯಲ್ಲಿ ಕಾಗೆ. ಅದರ ಕೆಳಗೆ ಗೊರವಂಕಗಳು, ಬೆಳಗಾಗುವುದರೊಳಗೆ ಜಗಳ ತೆಗೆಯುತ್ತಿದ್ದವು. ನಡುವಿನ ಕೊಂಬೆಗಳಲ್ಲಿ ಇಣಚಿ, ಅಂದರೆ ಅಳಿಲು. ಬೊಡ್ಡೆಯ ಮೇಲೆ ಓತಿಕ್ಯಾತ, ಯಾರು ಬಂದರೂ ಹೌದು ಹೌದು ಎಂದು ತಲೆಯಾಡಿಸುವ ಏಕೈಕ ಗಂಡಸು. ಹೂ ಬಿಟ್ಟಾಗ ಜೇನು. ಇವೆಲ್ಲದರ ನಡುವೆ, ಬೊಡ್ಡೆಯ ಮೇಲ್ಭಾಗದ ಪೊಟರೆಯಲ್ಲಿ ಸಣ್ಣ ಜಾತಿಯ ಗೂಬೆಗಳ ಒಂದು ಜೋಡಿ. ಮುಸ್ಸಂಜೆಗೆ ಹೊರಬಂದು ಕೊಂಬೆಯ ಮೇಲೆ ಒತ್ತೊತ್ತಾಗಿ ಕೂತು ನಮ್ಮ ಅಡುಗೆಮನೆಯೊಳಗೆ ಏನು ನಡೆದಿದೆ ಎಂದು ನೋಡುತ್ತಿದ್ದವು.

ನಮ್ಮ ಮನೆಯವರಿಗೆ ಈ ಗೂಬೆಗಳನ್ನು ಕಂಡರೆ ಆಗುತ್ತಿರಲಿಲ್ಲ. ಜವಳಿ ಅಂಗಡಿ ಇಟ್ಟವರು, ಬೆಳಿಗ್ಗೆ ಬೀಗದಕೈ ಹಿಡಿದು ಹೊರಡುವಾಗ ಶಕುನ ಸರಿಯಿರಬೇಕು. ಒಮ್ಮೆ ಅವರು ತಾಯಿಯ ಮುಂದೆ ಮಾತು ತೆಗೆದರು.

"ಅವ್ವಾ, ಗೂಬಿ ಮನಿಗೆ ಛಲೋ ಅಲ್ಲಬೇ. ಆ ಪೊಟರಿ ಮುಚ್ಚಿಸಿ ಬಿಡೂಣು."

ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನೀ ಹುಟ್ಟೂಕಿಂತ ಮೊದಲ ಅವು ಇಲ್ಲೇ ಅದಾವ. ನಿನ್ನ ನೋಡಿ ಅವು, ಇಂವಾ ಮರಕ್ಕ ಛಲೋ ಅಲ್ಲ ಅಂದ್ರ ಏನ್ ಮಾಡ್ತಿ?"

ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ನಾನು ಒಳಗೆ ಬಾಯಿಗೆ ಸೆರಗು ಒತ್ತಿ ನಕ್ಕೆ. ನೋಡಿ, ಆ ಸೆರಗಿಗೆ ಎಷ್ಟು ಕೆಲಸವಿತ್ತು.

ಮರ ನಮ್ಮದಾದರೂ ನವರಾತ್ರಿಯಲ್ಲಿ ಅದು ಇಡೀ ಓಣಿಯದು. ಬೆಳಕು ಹರಿಯುವ ಮೊದಲೇ ಹೆಣ್ಣುಮಕ್ಕಳು ಮಿಂದು, ಆರತಿ ಹಿಡಿದು, ನಮ್ಮ ಪಕ್ಕದ ಸಂದಿಯಿಂದ ಹಿತ್ತಲಿಗೆ ಬರುತ್ತಿದ್ದರು. ಬೊಡ್ಡೆಗೆ ಅರಿಶಿನ ಕುಂಕುಮ ಹಚ್ಚಿ, ರವಿಕೆಯ ಖಣ ಏರಿಸಿ, ಉಡಿ ತುಂಬಿ, ಮರವನ್ನು ಸುತ್ತು ಹಾಕುತ್ತಿದ್ದರು. ಇಷ್ಟೆಲ್ಲ ಗದ್ದಲಕ್ಕೆ ಗೊರವಂಕಗಳು ಎದ್ದು ಬಯ್ಯುತ್ತಿದ್ದವು. ಅತ್ತೆಗೆ ಒಂದೆರಡು ಕಟ್ಟುನಿಟ್ಟುಗಳಿದ್ದವು. ಮರಕ್ಕೆ ಕುಡಗೋಲು ತಾಗಿಸಬಾರದು. ದಸರೆಯ ಸಂಜೆ ಬಂಗಾರವೆಂದು ಹಂಚಲು ಬನ್ನಿ ಹರಿಯುವಾಗ ಕೈಗೆ ಸಿಕ್ಕಷ್ಟು ಎಲೆ ಮಾತ್ರ, ಏಣಿ ಹಾಕುವ ಹಾಗಿಲ್ಲ. ಮೇಲಿನದು ಮೇಲಿನವರಿಗೆ. ದೇವರಿಗೆ ಎಂದು ನಾನು ಬಹಳ ಕಾಲ ತಿಳಿದಿದ್ದೆ, ಅವರು ಹೇಳಿದ್ದು ಕಾಗೆ ಗುಬ್ಬಿಗೆ. ಇನ್ನೊಂದು, ನೀರು. ಪೂಜೆಗೆ ಒಂದು ತಂಬಿಗೆ, ಅದೂ ಮೊದಲ ದಿನ. ಯಾರಾದರೂ ಕೊಡ ಹೊತ್ತು ತಂದರೆ ಅತ್ತೆ ಅಡ್ಡ ನಿಲ್ಲುತ್ತಿದ್ದರು.

"ಅದಕ್ಕ ನೀರಡಿಕಿ ಇಲ್ಲಬೇ. ನಿಮಗಿದ್ರ ಕುಡೀರಿ."

ಪೂಜೆಗೆಂದು ಅತ್ತೆ ಹೂಬತ್ತಿ ಹೊಸೆದು ಹಿತ್ತಲ ಗೋಡೆಯ ಗೂಡಿನಲ್ಲಿ ತಟ್ಟೆಯ ತುಂಬ ಇಡುತ್ತಿದ್ದರು. ಬೆಳಗಾದರೆ ತಟ್ಟೆ ಅರ್ಧ ಖಾಲಿ. ಮಹಾಂಕಾಳಿ ಒಯ್ದಳು ಎಂದು ಅವರು ಕೈಮುಗಿಯುತ್ತಿದ್ದರು. ನನಗೆ ಗುಮಾನಿ ಇದ್ದದ್ದು ಗೋಡೆಯಾಚೆಯ ಶಾಂತಕ್ಕನ ಮೇಲೆ. ಶಾಂತಕ್ಕ ನನ್ನ ಸರೀಕಳು, ಗೆಳತಿ, ಇಬ್ಬರ ನಡುವೆ ಒಂದೇ ಗೋಡೆ. ಅವಳ ದೇವರ ಮುಂದೆ ಸದಾ ಅಂಥವೇ ದುಂಡನೆಯ ಬತ್ತಿ ಉರಿಯುತ್ತಿದ್ದವು. ಕೇಳುವುದು ಹೇಗೆ? ವರ್ಷಗಟ್ಟಲೆ ಆ ಅನುಮಾನವನ್ನು ಅವಳು ಕೊಟ್ಟ ಚಹಾದ ಜೊತೆಗೇ ಕುಡಿಯುತ್ತಾ ಬಂದೆ.

ಅತ್ತೆ ತೀರಿಕೊಂಡ ಮೇಲೆ ಬನ್ನಿಯ ಯಜಮಾನಿಕೆ ನನಗೆ ಬಂತು. ಅವರಿಗಿಂತ ಚೆನ್ನಾಗಿ ನಡೆಸಬೇಕು ಎಂಬ ಹುರುಪೂ ಬಂತು. ಒಂದು ನವರಾತ್ರಿಯಲ್ಲಿ ಮಳೆ ಹಿಡಿಯಿತು. ಎರೆಮಣ್ಣು ಮಳೆಗೆ ಹೇಗಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸುತ್ತು ಹಾಕುತ್ತಿದ್ದ ಶಾಂತಕ್ಕ ಆರತಿ ತಟ್ಟೆಯ ಸಮೇತ ಜಾರಿ ಕೂತಳು. ದೀಪ ಆರಲಿಲ್ಲ, ಸೀರೆ ಉಳಿಯಲಿಲ್ಲ. ಕೆಸರಿನಲ್ಲಿ ಕೂತಲ್ಲಿಂದಲೇ ಅವಳು ಹೇಳಿದಳು.

"ಯಕ್ಕಾ, ನಾವು ಫರಸಿ ಕಲ್ಲಿನ ಮ್ಯಾಲ ಮಲಗತೀವಿ. ನಮ್ಮ ತಾಯಿ ಕೆಸರಾಗ ನಿಂತಾಳ. ಇದು ನಮಗ ಶೋಭಾ ತರತೈತೇನು?"

"ಕಟ್ಟಿ ಕಟ್ಟಸೂಣು" ಎಂದೆ ನಾನು. ಎಲ್ಲರೂ ಹೂಂ ಎಂದರು. ಆ ಮರದಿಂದ ಅಷ್ಟು ವರ್ಷ ಬಂಗಾರ ಪಡೆದಿದ್ದೇವೆ, ನಾವೂ ಏನಾದರೂ ಕೊಡಬೇಡವೇ ಎಂಬ ಮಾತೂ ಬಂತು. ಮಾತು ಖರೆಯಾಗಿಯೇ ಬಂದದ್ದು, ಅದರಲ್ಲಿ ಕಪಟವಿರಲಿಲ್ಲ.

ಕಟ್ಟೆ ಬಹಳ ಚೆಂದವಾಯಿತು. ಗೌಂಡಿ ಸುತ್ತ ಇಟ್ಟಿಗೆ ಏರಿಸಿ, ಒಳಗೆ ಗರಸು ಮಣ್ಣು ತುಂಬಿ, ಬೊಡ್ಡೆಯ ಹತ್ತಿರದವರೆಗೂ ಸಿಮೆಂಟು ಮೆತ್ತಿದ. ಬೊಡ್ಡೆಯ ಸುತ್ತ ನೀರು ಹಾಕಲು ಬಳೆಯಂತೆ ಒಂದಿಷ್ಟು ಜಾಗ ಬಿಟ್ಟ. ಶಾಂತಕ್ಕನ ಹೊಸ ಬಚ್ಚಲುಮನೆಗೆ ತಂದು ಉಳಿದಿದ್ದ ಟೈಲ್ಸ್ ಮೇಲೆ ಕೂತವು. ನೀಲಿ ಬಣ್ಣ, ಮೇಲೆ ಜಿಗಿಯುವ ಮೀನುಗಳ ಚಿತ್ರ. ಸಮುದ್ರವನ್ನೇ ಕಾಣದ ಊರಿನಲ್ಲಿ ಮಹಾಂಕಾಳಿ ಮೀನುಗಳ ನಡುವೆ ನಿಂತಳು. ನಾವು ಮೊಬೈಲಿನಲ್ಲಿ ಫೋಟೋ ತೆಗೆದು ಲಕ್ಷ್ಮೇಶ್ವರದ ಬೀಗರಿಗೂ ಮುಂಡರಗಿಯ ನಾದಿನಿಗೂ ಕಳಿಸಿದೆವು.

ಇಲ್ಲಿ ನಮ್ಮೂರ ನಳದ ನೀರಿನ ಸುದ್ದಿ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಗದಗ ಬೆಟಗೇರಿಯಲ್ಲಿ ಅಳಿಯ ಬರುವ ದಿನ ಗೊತ್ತಾಗಬಹುದು, ನಳ ಬರುವ ದಿನ ಗೊತ್ತಾಗದು. ಬಂದ ದಿನ ಓಣಿಯೇ ಎದ್ದು ನಿಲ್ಲುತ್ತದೆ. ಬ್ಯಾರಲ್ಲು, ಹಂಡೆ, ಕೊಡ, ಕೊನೆಗೆ ಹಾಲಿನ ಪಾತ್ರೆಯೂ ಸಾಲಿನಲ್ಲಿ ಕೂರುತ್ತದೆ. ಹೊಸ ನೀರು ಹಿಡಿಯಬೇಕೆಂದರೆ ಹಳೆಯ ನೀರು ಚೆಲ್ಲಬೇಕು. ಅಷ್ಟು ದಿನ ತಂಬಿಗೆ ಲೆಕ್ಕದಲ್ಲಿ ಕಾಪಾಡಿದ ನೀರನ್ನು ಗಟಾರಕ್ಕೆ ಚೆಲ್ಲುವಾಗ ಸಂಕಟವಾಗುತ್ತದೆ. ಕಟ್ಟೆಯಾದ ಮೇಲೆ ಆ ಸಂಕಟಕ್ಕೆ ದಾರಿ ಸಿಕ್ಕಿತು. ಚೆಲ್ಲುವುದು ಯಾಕೆ, ತಾಯಿಗೆ ಹಾಕಿದರಾಯಿತು. ನಳ ಬಂದ ದಿನವೆಲ್ಲ ಓಣಿಯ ಹಳೆಯ ನೀರು ಕೊಡ ಕೊಡವಾಗಿ ನಮ್ಮ ಸಂದಿಯಿಂದ ಹಿತ್ತಲಿಗೆ ಹೋಯಿತು. ಹಾಕಿದವರೆಲ್ಲ ಕೈಮುಗಿದು ಹೋದರು. ಅಡ್ಡ ನಿಲ್ಲಲು ಅತ್ತೆ ಇರಲಿಲ್ಲ. ನಾನಿದ್ದೆ, ಬರ್ರಿ ಬರ್ರಿ ಎಂದು ದಾರಿ ಬಿಟ್ಟೆ.

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಎಲೆ ಹಳದಿಗೆ ತಿರುಗಿತು. ನೀರು ಸಾಲುತ್ತಿಲ್ಲ ಎಂದುಕೊಂಡೆವು. ನೀರಿಗಾಗಿ ಬಾಯಿ ಬಿಡುವ ಊರಿನವರಿಗೆ ಬೇರೆ ಯಾವ ರೋಗ ಹೊಳೆಯಬೇಕು? ಶಾಂತಕ್ಕ ಹಳೆಯ ನೀರು ಬಿಟ್ಟು ಹೊಸ ನೀರನ್ನೇ, ಕುಡಿಯಲು ಹಿಡಿದ ನೀರನ್ನೇ ತಂದು ಹಾಕಿದಳು. ಅವಳ ಮನೆಯಲ್ಲಿ ಆ ವಾರ ಬೋರಿನ ಉಪ್ಪುನೀರಿನ ಚಹಾ ಕುಡಿದರು. ಅದು ನನಗೆ ಗೊತ್ತು, ಯಾಕೆಂದರೆ ನನಗೂ ಅದನ್ನೇ ಕೊಟ್ಟಳು.

ನನಗೆ ಸಿಟ್ಟು ಬರುವುದು ಇಲ್ಲಿ, ಅದೂ ನನ್ನ ಮೇಲೆಯೇ. ನಾನು ಅಸುಂಡಿಯ ಹೊಲದಲ್ಲಿ ಬೆಳೆದವಳು. ನಮ್ಮಪ್ಪನ ಹೊಲದ ಬದುವಿನಲ್ಲಿ ಬನ್ನಿ ಇತ್ತು. ಮಳೆ ಕೈಕೊಟ್ಟು ಜೋಳ ಸುಟ್ಟು ಹೋದ ವರ್ಷವೂ ಅದು ಹಸಿರಾಗಿ ನಿಂತಿರುತ್ತಿತ್ತು. ಅದರ ನೆರಳಲ್ಲಿ ಕೂತು ಬುತ್ತಿ ಉಂಡು, ಕೈ ತೊಳೆದ ನೀರನ್ನೂ ನಾವು ಅದಕ್ಕೆ ಹಾಕುತ್ತಿರಲಿಲ್ಲ, ಎತ್ತಿಗೆ ಕುಡಿಸಲು ಬೇಕಾಗುತ್ತಿತ್ತು. ಇದನ್ನು ನಾನೇ ಪೂಜೆಗೆ ಬಂದವರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಹೇಳಿದ ಬಾಯಿಗೂ ಕೊಡ ಎತ್ತಿದ ಕೈಗೂ ಪರಿಚಯವೇ ಇಲ್ಲದಂತೆ ಬಾಳಿದೆ.

ಈ ಬೇಸಿಗೆಯ ಒಂದು ಮಧ್ಯಾಹ್ನ, ಗಾಳಿ ಒಂದಿಷ್ಟೂ ಇರಲಿಲ್ಲ, ನಡುವಿನ ದೊಡ್ಡ ಕೊಂಬೆ ಮುರಿದು ಶಾಂತಕ್ಕನ ತಗಡಿನ ಚಾವಣಿಯ ಮೇಲೆ ಬಿತ್ತು. ನಾನೂ ಶಾಂತಕ್ಕನೂ ಉಂಡ ಕೈಯಲ್ಲೇ ಓಡಿದೆವು. ಯಾರಿಗೂ ಪೆಟ್ಟಾಗಿರಲಿಲ್ಲ. ಕೊಂಬೆಯ ಕವಲಿನಲ್ಲಿ ಇಣಚಿಯ ಗೂಡಿತ್ತು. ಮರಿಗಳಿರಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ಬಿರಿದ ಗೂಡಿನೊಳಗೆ ಖಣದ ಚೂರು, ಉಡಿ ತುಂಬಿದ ದಾರ, ಅವುಗಳ ಮೇಲೆ ಮೆತ್ತಗೆ ಹಾಸಿದ ಹೂಬತ್ತಿಗಳು. ಕೆಳಗಿನವು ಕಂದು ತಿರುಗಿದ್ದವು. ಅವು ಅತ್ತೆಯ ಕೈಯವು ಎಂದು ನೋಡಿದ ಕೂಡಲೇ ಗೊತ್ತಾಯಿತು, ಬುಡ ಅಷ್ಟು ದುಂಡಗೆ ಹೊಸೆಯುವುದು ನನಗೆ ಇವತ್ತಿಗೂ ಬಂದಿಲ್ಲ.

ನಾನು ಶಾಂತಕ್ಕನ ಮುಖ ನೋಡಿದೆ. ಅವಳು ನನ್ನದು ನೋಡಿದಳು.

"ಇಷ್ಟ ದಿನ ನನ್ನ ಮ್ಯಾಲ ಸಂಶೆ ಇತ್ತೇನು ನಿನಗ?"

"ಇತ್ತು."

"ಮತ್ತ ಚಾ ಕುಡದಿ?"

"ಚಾ ಛಲೋ ಇರತಿತ್ತು."

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಆ ಬತ್ತಿಗಳನ್ನು ಒಂದೊಂದಾಗಿ ಆಯತೊಡಗಿದಳು, ಆಯುತ್ತಾ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ.

ಬುಡದಲ್ಲೇ ಏನೋ ಕೆಟ್ಟಿದೆ ಎಂದು ಆ ವಾರವೇ ಕಟ್ಟೆ ಒಡೆಸಿದೆವು. ಹಾರೆಯ ಏಟಿಗೆ ಮೀನುಗಳು ಚೂರಾದವು, ಸಿಮೆಂಟು ಎದ್ದಿತು, ಅದರ ಕೆಳಗಿಂದ ಕೊಳೆತ ನಾತ ಬಂತು. ಗರಸು ತೆಗೆದಂತೆ ಬುಡ ಕಾಣಿಸಿತು. ತೊಗಟೆ ಕರ್ರಗಾಗಿ, ಬೆರಳು ಇಟ್ಟರೆ ನೆನೆದ ರೊಟ್ಟಿಯಂತೆ ಕೈಗೆ ಬರುತ್ತಿತ್ತು. ಅಷ್ಟು ವರ್ಷದ ಬಿಸಿಲಿಗೆ ಜಗ್ಗದ ಮರವನ್ನು ನಾವು ಭಕ್ತಿಯಿಂದ, ನಮ್ಮಲ್ಲಿದ್ದ ಎಲ್ಲಕ್ಕಿಂತ ತುಟ್ಟಿ ಸಾಮಾನು ಕೊಟ್ಟು, ಕೊಳೆಸಿದ್ದೆವು. ಶಾಂತಕ್ಕ ಖಾಲಿ ಕೊಡ ಬೋರಲು ಹಾಕಿ ಅದರ ಮೇಲೆ ಕೂತಳು.

"ಎಷ್ಟ ಕೊಡ ಹಾಕೀನಿ ಯವ್ವಾ ನಾನು ಇದಕ್ಕ" ಎಂದಳು.

ಅತ್ತೆ ಇದ್ದಿದ್ದರೆ ಬಯ್ಯುತ್ತಿದ್ದರು, ಬಯ್ಯಿಸಿಕೊಂಡು ಹಗುರವಾಗಬಹುದಿತ್ತು. ಬುಡಕ್ಕೆ ಗಾಳಿಯಾಡಲಿ ಎಂದು ಗುಂಡಿ ತೆರೆದೇ ಇಟ್ಟೆವು. ಮೊದಲ ಮಳೆ ಬಂತು, ಓಣಿಯ ಬೇವುಗಳೆಲ್ಲ ಚಿಗುರಿದವು. ನಾನು ದಿನಾ ಬೆಳಿಗ್ಗೆ ಹೋಗಿ ತಲೆ ಮೇಲೆತ್ತಿ ಹುಡುಕಿದೆ. ಬನ್ನಿ ಚಿಗುರಲಿಲ್ಲ. ಗೊರವಂಕಗಳು ಯಾವಾಗ ಹೋದವೋ ತಿಳಿಯಲಿಲ್ಲ, ಒಂದು ಬೆಳಿಗ್ಗೆ ಯಾರೂ ಜಗಳ ಮಾಡದೆ ಎಚ್ಚರವಾಯಿತು.

ಒಣಗಿದ ಮರ ಎರಡು ಮನೆಗಳ ನಡುವೆ ನಿಂತಿದ್ದರೆ ಹೆದರಿಕೆಯೇ. ನಮ್ಮ ಮನೆಯವರು ಮರ ಕೊಯ್ಯುವವನನ್ನು ಕರೆಸಿದರು. ನಾನು ಅವತ್ತು ಅವರ ಜೊತೆ ಮಾತು ಬಿಟ್ಟಿದ್ದೆ. ಬನ್ನಿಗೆ ಕಬ್ಬಿಣ ತಾಗಿಸಬಾರದು ಎಂದು ಅವ್ವ ಹೇಳುತ್ತಿದ್ದಳು ಎಂಬುದು ಅವರಿಗೂ ನೆನಪಿತ್ತು, ಅದಕ್ಕೇ ಅವರೂ ಯಾರ ಮುಖವನ್ನೂ ನೋಡದೆ ಓಡಾಡುತ್ತಿದ್ದರು. ಮರ ಕೊಯ್ಯುವವನು ಶಾಂತಕ್ಕನ ಕಡೆಗೆ ಚಾಚಿದ್ದ ಕೊಂಬೆಗಳನ್ನೆಲ್ಲ ಇಳಿಸಿದ. ನಂತರ ಗರಗಸದ ಯಂತ್ರವನ್ನು ಬೊಡ್ಡೆಗೆ ಹಿಡಿದ. ಅದು ಗುರ್ರೆಂದ ಕೂಡಲೇ ಪೊಟರೆಯಿಂದ ಗೂಬೆ ಹೊರಗೆ ಬಂತು. ನಡುಹಗಲು. ಅಂಚಿನಲ್ಲಿ ಕೂತು, ಕತ್ತು ಮೇಲೆ ಕೆಳಗೆ ಆಡಿಸುತ್ತಾ, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿತು. ಅದರ ಹಿಂದಿನ ಕತ್ತಲಲ್ಲಿ ಇನ್ನೆರಡು ಹಳದಿ ಕಣ್ಣುಗಳಿದ್ದವು.

"ಸಾಕ ಬಿಡಪಾ, ಇಲ್ಲಿಗೆ" ಎಂದರು ನಮ್ಮ ಮನೆಯವರು.

"ಬರೇ ಬೊಡ್ಡಿ ಬಿಟ್ರ ಏನ್ ಬಂತ್ರಿ ಸಾವಕಾರ? ಒಣಗಿದ್ದು ಇನ್ನ ಚಿಗರಂಗಿಲ್ಲ."

"ಇರ್ಲಿ. ನಾ ಹುಟ್ಟೂಕಿಂತ ಮೊದಲ ಅವು ಇಲ್ಲೇ ಅದಾವಂತ."

ಅಂದು ಸಂಜೆ ಅವರಿಗೆ ಬಿಸಿ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಹಾಕಿದೆ. ಮಾತೂ ಆಡಿದೆ.

ಹಾಗೆ ಈಗ ಹಿತ್ತಲಲ್ಲಿ ಬೋಳು ಬೊಡ್ಡೆಯೊಂದಿದೆ. ಅದೂ ಬಹಳ ದಿನ ನಿಲ್ಲುವುದಿಲ್ಲ, ಬುಡ ಟೊಳ್ಳಾಗುತ್ತಿದೆ ಎಂದು ನನಗೆ ಗೊತ್ತು. ನಿಂತಷ್ಟು ದಿನ ಗೂಬೆಗಳಿಗೆ ಮನೆ. ಸಾಯುತ್ತಾ ಇರುವ ಮರವೂ ಯಾರಿಗೋ ಜಾಗ ಕೊಟ್ಟುಕೊಂಡೇ ಇದೆ. ಅದನ್ನು ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ, ಕೈಮುಗಿಯಲು ನಾಚಿಕೆಯೂ ಆಗುತ್ತದೆ.

ಈ ಸಲ ದಸರೆ ಬಂತು. ನವರಾತ್ರಿಯ ನಸುಕಿನಲ್ಲಿ ಹೆಣ್ಣುಮಕ್ಕಳು ಗುಡಿಯ ಹತ್ತಿರದ ಬೇರೆ ಬನ್ನಿಗೆ ಹೋದರು. ಹಬ್ಬದ ಸಂಜೆ ಮಾತ್ರ ರೂಢಿಯ ಕಾಲು ಕೇಳಲಿಲ್ಲ. ಒಬ್ಬೊಬ್ಬರೇ ನಮ್ಮ ಸಂದಿಯವರೆಗೆ ಬಂದರು, ಎಲೆ ಹರಿಯಲು ಕೈ ಮುಂದೆ ಮಾಡುವಷ್ಟರಲ್ಲಿ ನೆನಪಾಗಿ ನಿಂತರು, ನನ್ನನ್ನು ನೋಡಿ ಏನೋ ಹಬ್ಬದ ಮಾತಾಡಿ ಹೋದರು. ಓಣಿಗೆಲ್ಲ ಬಂಗಾರ ಕೊಟ್ಟ ಮನೆಯ ಬಾಗಿಲಲ್ಲಿ ನಾನು ಬರಿಗೈಯಲ್ಲಿ ನಿಂತಿದ್ದೆ.

ಹೊತ್ತು ಮುಳುಗುವಾಗ ಶಾಂತಕ್ಕ ಗದಗಿನ ಮಾರ್ಕೆಟ್ಟಿನಿಂದ ಬನ್ನಿಯ ಕಟ್ಟು ಹಿಡಿದು ಬಂದಳು. ಬನ್ನಿಯನ್ನು ಕೊಂಡು ತಂದದ್ದು ನಮ್ಮಿಬ್ಬರ ಬದುಕಿನಲ್ಲಿ ಇದೇ ಮೊದಲು.

"ಬನ್ನಿ ತಗೊಂಡು ಬಂಗಾರಧಂಗ ಇರೂಣು, ಯಕ್ಕಾ" ಎಂದು ನನ್ನ ಕೈಗಿಟ್ಟಳು. ನಾನೂ ಅವಳಿಗೆ ಕೊಟ್ಟೆ. ದೇವರ ಮುಂದೆ ಇಟ್ಟೆ. ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು ನಮ್ಮ ಪದ್ಧತಿ, ಅತ್ತೆಯ ಫೋಟೋಕ್ಕೂ ಇಟ್ಟು ನಮಸ್ಕರಿಸಿದೆ. ಆಮೇಲೂ ಒಂದು ಎಸಳು ಕೈಯಲ್ಲಿ ಉಳಿಯಿತು. ಅದನ್ನು ಹಿಡಿದು ನಿಂತಾಗ ನನಗೆ ಹೊಳೆಯಿತು. ಈ ಮನೆಗೆ ನಮ್ಮೆಲ್ಲರಿಗಿಂತ ಹಿರಿದಾದದ್ದು ಹಿತ್ತಲಲ್ಲಿದೆ. ಇಷ್ಟು ವರ್ಷ ಅದರಿಂದ ಹರಿದು ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. ಅದಕ್ಕೆ ಬನ್ನಿ ಕೊಟ್ಟವರು ಯಾರೂ ಇರಲಿಲ್ಲ.

ಹಿತ್ತಲ ಬಾಗಿಲು ದಾಟಿದೆ. ಎಂದಿನಂತೆ ಬಲಗೈ ಎದ್ದಿತು. ಅರ್ಧಕ್ಕೆ ತಡೆದೆ. ಮೇಲೆ ನೋಡಿದೆ, ಬರೀ ಆಕಾಶ. ನಂತರ ನಾನಾಗಿಯೇ ಸೆರಗನ್ನು ಎಳೆದು ಹಣೆಯವರೆಗೂ ಹೊದ್ದುಕೊಂಡೆ. ಬೊಡ್ಡೆಯ ಸೀಳಿನಲ್ಲಿ ಹಸಿರು ಎಸಳು ಇಟ್ಟೆ. ಬಂಗಾರಧಂಗ ಇರೂಣು ಎನ್ನಲು ಬಾಯಿ ತೆರೆದೆ, ಆ ಮಾತು ಬರಲಿಲ್ಲ. "ತಗೋಬೇ" ಎಂದಷ್ಟೇ ಅಂದೆ. ಬಗ್ಗಿ ಅದರ ಬುಡ ಮುಟ್ಟಿದೆ. ಕೈಗೆ ಒದ್ದೆ ಮಣ್ಣು ಹತ್ತಿತು.

ಹಿಂದಿನಿಂದ ಶಾಂತಕ್ಕನ ದನಿ ಕೇಳಿಸಿತು. ಯಾವಾಗ ಬಂದು ನಿಂತಿದ್ದಳೋ.

"ಮ್ಯಾಲ ಒಂದ ಕಾಗೀನೂ ಇಲ್ಲಲ್ಲ ಯಕ್ಕಾ. ಇನ್ನ ಸೆರಗ ಯಾಕ?"

ಆ ಕಾಗೆಯ ಸಂಗತಿ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಅತ್ತೆಯ ಮುಂದೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ನಾನು ಸೆರಗನ್ನು ಇಳಿಸಲಿಲ್ಲ.